ಸಿಲಿಕಾನ್ ಎಲ್ಲಿಗೆ ಹೋಯಿತು? ಪ್ರಬಲ ಬೇಸ್‌ನಲ್ಲಿ ಸಿಲೈಲ್ ಗುಂಪು ಕೈಕೊಟ್ಟಾಗ ದೋಷ ಹುಡುಕುವ ಬಗೆ

ಆಲ್ಡಿಹೈಡ್ ಬರಬೇಕಿತ್ತು, ಬರಲಿಲ್ಲ. ಎನ್‌ಎಂಆರ್ ಅಂದರೆ ಅಣುವಿನ ಹೈಡ್ರೋಜನ್‌ಗಳು ಎಂಥ ಜಾಗದಲ್ಲಿವೆ ಅಂತ ಗೆರೆಗಳಲ್ಲಿ ತೋರಿಸುವ ಪರೀಕ್ಷೆ. ಅದರ ಹಾಳೆಯಲ್ಲಿ 9.6 ಪಿಪಿಎಂ ಹತ್ತಿರ ಒಂದು ಸಣ್ಣ ಗೆರೆ ಕಾಣಬೇಕು. ಅಲ್ಲಿ ಏನೂ ಇಲ್ಲ. ಅದರ ಬದಲು 4.1ರ ಹತ್ತಿರ ಎರಡು ಹೈಡ್ರೋಜನ್‌ಗಳ ಒಂಟಿ ಗೆರೆ ಎದ್ದು ನಿಂತಿತ್ತು.

ಮಧುಗಿರಿಯಿಂದ ಬಂದು ನಮ್ಮ ಲ್ಯಾಬ್ ಸೇರಿ ಮೂರು ತಿಂಗಳಾಗಿದ್ದ ಹುಡುಗಿ ಆ ಹಾಳೆ ಹಿಡಿದು ನಿಂತಿದ್ದಳು. "ಸರ್, ಬೆಂಜೈಲ್ ಹಾಕಿದ ಸ್ಟೆಪ್‌ನಲ್ಲಿ ಮಾಸ್ ಸರಿಯಾಗೇ ಬಂದಿತ್ತು. ಪ್ಲೇಟ್ ಮೇಲೂ ಒಂದೇ ಸ್ಪಾಟ್. ಎಲ್ಲಿ ತಪ್ಪಾಯ್ತು ಗೊತ್ತಾಗ್ತಿಲ್ಲ" ಅಂದಳು.

"ಮಾಸ್ ಸರಿಯಾಗಿ ಬಂದದ್ದೇ ನಮಗೆ ಮೋಸ ಮಾಡಿದೆ ಕಣಮ್ಮ" ಅಂದೆ. ಮಾಸ್ ಅಂದರೆ ಅಣುವಿನ ತೂಕ.

ನಮ್ಮದು ತುಮಕೂರಿನ ವಸಂತನರಸಾಪುರದ ಕಡೆ ಇರುವ ಸಣ್ಣ ಲ್ಯಾಬ್. ಎನ್‌ಎಂಆರ್ ಯಂತ್ರ ನಮ್ಮಲ್ಲಿಲ್ಲ. ಸ್ಯಾಂಪಲ್ ಬೆಂಗಳೂರಿಗೆ ಹೋಗಬೇಕು, ರಿಪೋರ್ಟ್ ಬರಲು ಎರಡು ದಿನ ಬೇಕು. ಕೈಯಲ್ಲಿರುವುದು ಪದಾರ್ಥಗಳನ್ನು ಬೇರೆ ಬೇರೆ ಸ್ಪಾಟ್ ಆಗಿ ತೋರಿಸುವ ಟಿಎಲ್‌ಸಿ ಪ್ಲೇಟ್, ಪದಾರ್ಥಗಳನ್ನು ಬೇರ್ಪಡಿಸಿ ತೂಕ ಹೇಳುವ ಒಂದು ಹಳೆಯ ಜಿಸಿ-ಮಾಸ್ ಯಂತ್ರ, ಮತ್ತು ನೋಟ್‌ಬುಕ್. ಇಷ್ಟರಲ್ಲೇ ದೋಷದ ದಾರಿ ಹಿಡಿಯುವುದು ಹೇಗೆ ಅಂತ ಬರೆದಿಡುತ್ತಿದ್ದೇನೆ. ಸಿಲೈಲ್ ಗುಂಪು ಅಂದರೆ ಸಿಲಿಕಾನ್ ಮತ್ತು ಅದಕ್ಕೆ ಅಂಟಿದ ಕಾರ್ಬನ್ ಗುಂಪುಗಳು. ಅಣುವಿನ ಓಎಚ್‌ಗೆ (ಆಕ್ಸಿಜನ್-ಹೈಡ್ರೋಜನ್ ಜೋಡಿಗೆ) ಸ್ವಲ್ಪ ಕಾಲ ಮುಚ್ಚಳದ ಹಾಗೆ ಇದನ್ನು ಕಟ್ಟುತ್ತೇವೆ. ಇಂಥ ಸಿಲಿಕಾನ್ ಇರುವ ಅಣುವಿಗೆ ಸೋಡಿಯಂ ಹೈಡ್ರೈಡ್, ಪೊಟ್ಯಾಸಿಯಂ ಟರ್ಟ್-ಬ್ಯುಟಾಕ್ಸೈಡ್, ಬ್ಯುಟೈಲ್ ಲಿಥಿಯಂ, ಕಾಸ್ಟಿಕ್ ಪೊಟಾಷ್ ಇಂಥ ಪ್ರಬಲ ಬೇಸ್‌ಗಳು ತಗುಲಿದಾಗ ಏನೇನು ಆಗಬಹುದು, ಆದದ್ದನ್ನು ಗುರುತು ಹಿಡಿಯುವುದು ಹೇಗೆ ಅನ್ನುವುದಷ್ಟೇ ಇಲ್ಲಿನ ವಿಷಯ.

ಮೊದಲ ಪ್ರಶ್ನೆ ಒಂದೇ

ಬ್ಯಾಚ್ ಕೆಟ್ಟಾಗ ಎಲ್ಲರೂ ಕೇಳುವುದು "ಬೇಸ್ ಜಾಸ್ತಿ ಆಯ್ತಾ?" ಅಂತ. ನಾನು ಅದನ್ನು ಕೊನೆಗೆ ಕೇಳುತ್ತೇನೆ. ಮೊದಲು ಕೇಳಬೇಕಾದ್ದು "ಸಿಲಿಕಾನ್ ಈಗ ಎಲ್ಲಿದೆ?" ಅಂತ.

ಯಾಕೆ ಅಂದರೆ ಸಿಲಿಕಾನ್ ಸುಮ್ನೆ ಬಿದ್ದುಹೋಗುವುದಿಲ್ಲ. ಕಾರ್ಬನ್‌ಗೆ ನಾಲ್ಕೇ ಕೈ. ಸಿಲಿಕಾನ್‌ಗೂ ನಾಲ್ಕೇ, ಆದರೆ ಅದು ಐದನೆಯ ಕೈಯನ್ನೂ ಸ್ವಲ್ಪ ಹೊತ್ತು ಹಿಡಿಯಬಲ್ಲದು. ಋಣ ಚಾರ್ಜ್ ಇರುವ ಆಕ್ಸಿಜನ್ ಹತ್ತಿರ ಬಂದರೆ ಅದನ್ನು ಹಿಡಿದುಕೊಂಡು ಐದು ಬಂಧಗಳ ಸ್ಥಿತಿಗೆ ಹೋಗುತ್ತದೆ. ಆಮೇಲೆ ಹಳೆಯದೊಂದನ್ನು ಬಿಡುತ್ತದೆ. ಹೊಸ ಕೈ ಹಿಡಿದ ಮೇಲೆಯೇ ಹಳೆಯ ಕೈ ಬಿಡುವುದು. ಹಾಗಾಗಿ ಸಿಲೈಲ್ ಗುಂಪು ಕಾಣೆಯಾಗಿದೆ ಅಂದರೆ ಅದನ್ನು ಯಾರೋ ತೆಗೆದುಕೊಂಡಿದ್ದಾರೆ ಅಂತಲೇ ಅರ್ಥ. ಆ ತೆಗೆದುಕೊಂಡವರು ಯಾರು ಅಂತ ಗೊತ್ತಾದರೆ ಮುಕ್ಕಾಲು ಕೆಲಸ ಮುಗಿಯಿತು.

ಯಾರು ತೆಗೆದುಕೊಳ್ಳುತ್ತಾರೆ ಅನ್ನುವುದನ್ನು ಬಂಧದ ಬಲ ಹೇಳುತ್ತದೆ. ಸಿಲಿಕಾನ್-ಕಾರ್ಬನ್ ಬಂಧ ಮೋಲ್‌ಗೆ ಸುಮಾರು 320 ಕಿಲೋಜೌಲ್. ಸಿಲಿಕಾನ್-ಆಕ್ಸಿಜನ್ ಸುಮಾರು 450. ಸಿಲಿಕಾನ್-ಫ್ಲೋರಿನ್ ಸುಮಾರು 565. ಫ್ಲೋರೈಡ್ ಇಲ್ಲದ ಕಡೆ ಸಿಲಿಕಾನ್ ಸಾಮಾನ್ಯವಾಗಿ ಆಕ್ಸಿಜನ್ ಕಡೆಗೇ ವಾಲುತ್ತದೆ. ಆ ಆಕ್ಸಿಜನ್ ಹೊರಗಿನಿಂದ ಬಂದ ಹೈಡ್ರಾಕ್ಸೈಡ್ ಇರಬಹುದು, ಮೆಥಾಕ್ಸೈಡ್ ಇರಬಹುದು, ಅಥವಾ ಅದೇ ಅಣುವಿನ ಇನ್ನೊಂದು ಮೂಲೆಯಲ್ಲಿರುವ ಆಕ್ಸಿಜನ್ನೇ ಇರಬಹುದು. ನಮ್ಮ ಹುಡುಗಿಯ ಫ್ಲಾಸ್ಕ್‌ನಲ್ಲಿ ಆದದ್ದು ಈ ಕೊನೆಯದು.

ಮಾಸ್‌ನ ವ್ಯತ್ಯಾಸ ನೋಡಿ

ಬರಬೇಕಾಗಿದ್ದ ತೂಕದಿಂದ ಬಂದ ತೂಕ ಕಳೆಯಿರಿ. ಇಲ್ಲಿ ಬರುವ ಟಿಎಂಎಸ್, ಟಿಬಿಎಸ್, ಟಿಇಎಸ್, ಟಿಐಪಿಎಸ್, ಟಿಬಿಡಿಪಿಎಸ್ ಎಲ್ಲವೂ ಸಿಲೈಲ್ ಗುಂಪುಗಳ ಚಿಕ್ಕ ಹೆಸರು, ಸಿಲಿಕಾನ್‌ಗೆ ಅಂಟಿದ ಕಾರ್ಬನ್ ಗುಂಪುಗಳು ಮಾತ್ರ ಬೇರೆ ಬೇರೆ. ಟಿಎಂಎಸ್ ಹೋಗಿ ಅಲ್ಲಿ ಹೈಡ್ರೋಜನ್ ಬಂದಿದ್ದರೆ 72 ಕಡಿಮೆ. ಟಿಬಿಎಸ್ ಹೋಗಿದ್ದರೆ 114. ಟಿಇಎಸ್ ಹೋದರೂ 114ರೇ, ಇವೆರಡರ ಅಣುಸೂತ್ರ ಒಂದೇ, ನೆನಪಿರಲಿ. ಟಿಐಪಿಎಸ್‌ಗೆ 156, ಟಿಬಿಡಿಪಿಎಸ್‌ಗೆ 238. ಸರಿಯಾಗಿ 90 ಕಡಿಮೆ ಬಂದರೆ ಟಿಎಂಎಸ್ ಒಂದೇ ಹೋಗಿಲ್ಲ, ಜೊತೆಗೆ ಆಕ್ಸಿಜನ್ ಎತ್ತಿಕೊಂಡು ಹೋಗಿದೆ. 74ರ ಲೆಕ್ಕದಲ್ಲಿ ಜಾಸ್ತಿ ಬಂದರೆ ಹೊರಗಿನ ಸಿಲಿಕೋನ್, ಅಂದರೆ ಸಿಲಿಕಾನ್-ಆಕ್ಸಿಜನ್ ಸರಪಳಿಯ ಗ್ರೀಸ್ ಥರದ ಪದಾರ್ಥ, ಒಳಗೆ ಸೇರಿದೆ. ಸೊನ್ನೆ ಬಂದರೆ, ಅಂದರೆ ಮಾಸ್ ಸರಿಯಾಗಿಯೇ ಇದ್ದರೆ, ಜಾಗ ಬದಲಾಯಿಸಿದೆಯೋ ಇಲ್ಲವೋ ನೋಡಬೇಕು.

ಒಂದು ಎಚ್ಚರಿಕೆ. ಜಿಸಿ-ಮಾಸ್‌ನಲ್ಲಿ ಟಿಬಿಎಸ್ ಇರುವ ಅಣು ಪೂರ್ತಿ ತೂಕ ತೋರಿಸುವುದು ಅಪರೂಪ. ಟರ್ಟ್-ಬ್ಯುಟೈಲ್ ಕಳೆದುಕೊಂಡು 57 ಕಡಿಮೆ ತೋರಿಸುತ್ತದೆ. ಟಿಎಂಎಸ್ ಇದ್ದರೆ 15 ಕಡಿಮೆ. ಇದು ಯಂತ್ರದ ಒಳಗೆ ಆಗುವ ಒಡೆತ, ನಿಮ್ಮ ಫ್ಲಾಸ್ಕ್‌ನಲ್ಲಿ ಆದದ್ದಲ್ಲ. ಹೊಸಬರು ಇದನ್ನು ನೋಡಿ ಗಾಬರಿಯಾಗಿ ಒಳ್ಳೆಯ ಬ್ಯಾಚನ್ನೇ ಚೆಲ್ಲಿದ್ದನ್ನು ಕಂಡಿದ್ದೇನೆ.

ಮಾಸ್ ಸರಿ, ಅಣು ತಪ್ಪು

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೇಗ ಕಣ್ಣಿಗೆ ಬೀಳದ ದೋಷ ಇದು, ಜಾಸ್ತಿ ನಷ್ಟ ಮಾಡುವುದೂ ಇದೇ.

ಅವಳ ಅಣುವಿನಲ್ಲಿ ಅಕ್ಕಪಕ್ಕದ ಎರಡು ಕಾರ್ಬನ್‌ಗಳ ಮೇಲೆ ಒಂದೊಂದು ಓಎಚ್ ಇತ್ತು. ತುದಿಯ ಓಎಚ್‌ಗೆ ಟಿಬಿಎಸ್ ಕಟ್ಟಿದ್ದೆವು. ಒಳಗಿನ ಓಎಚ್ ಖಾಲಿ. ಅದರ ಮೇಲೆ ಬೆಂಜೈಲ್ ಅನ್ನುವ ಇನ್ನೊಂದು ಮುಚ್ಚಳ ಕೂರಿಸಬೇಕು. ಆಮೇಲೆ ಟಿಬಿಎಸ್ ಬಿಚ್ಚಿ ತುದಿಯ ಓಎಚ್ ಅನ್ನು ಆಕ್ಸಿಡೈಸ್ ಮಾಡಿದರೆ ಆಲ್ಡಿಹೈಡ್. ಕಾಗದದ ಮೇಲೆ ನೇರವಾದ ದಾರಿ.

ಅವಳು ಮಾಡಿದ್ದೂ ಪುಸ್ತಕದಲ್ಲಿ ಇರುವ ಹಾಗೇ. 5 ಮಿಲಿಮೋಲ್ ಪದಾರ್ಥ, ಡಿಎಂಎಫ್ ಅನ್ನುವ ಸಾಲ್ವೆಂಟ್‌ನಲ್ಲಿ, ಐಸ್ ಬಾತ್ ಮೇಲೆ. ಸೋಡಿಯಂ ಹೈಡ್ರೈಡ್ ಹಾಕಿದಳು. ಗುಳ್ಳೆ ನಿಲ್ಲುವ ತನಕ 20 ನಿಮಿಷ ಕಲಕಿದಳು. ಆಮೇಲೆ ಬೆಂಜೈಲ್ ಬ್ರೊಮೈಡ್. ನೋಟ್‌ಬುಕ್‌ನಲ್ಲಿ ಎಲ್ಲವೂ ಅಚ್ಚುಕಟ್ಟಾಗಿ ಬರೆದಿತ್ತು. ಆ "20 ನಿಮಿಷ" ಅನ್ನುವ ಎರಡು ಪದಗಳ ಮೇಲೆ ಬೆರಳಿಟ್ಟು ತೋರಿಸಿದೆ. ತಪ್ಪು ಅಲ್ಲಿತ್ತು.

ಆ 20 ನಿಮಿಷದಲ್ಲಿ ಏನಾಯಿತು ನೋಡಿ. ಸೋಡಿಯಂ ಹೈಡ್ರೈಡ್ ಒಳಗಿನ ಓಎಚ್‌ನ ಹೈಡ್ರೋಜನ್ ಕಿತ್ತುಕೊಂಡಿತು. ಅಲ್ಲಿ ಋಣ ಚಾರ್ಜ್‌ನ ಆಕ್ಸಿಜನ್ ಉಳಿಯಿತು. ಡಿಎಂಎಫ್ ಸೋಡಿಯಂ ಅಯಾನನ್ನು ಸುತ್ತುವರಿದು ದೂರ ಇಡುತ್ತದೆ, ಹಾಗಾಗಿ ಆ ಆಕ್ಸಿಜನ್‌ಗೆ ಕಡಿವಾಣವೇ ಇಲ್ಲ. ಪಕ್ಕದಲ್ಲೇ ಟಿಬಿಎಸ್‌ನ ಸಿಲಿಕಾನ್. ಎರಡೂ ಸೇರಿದರೆ ಐದು ಪರಮಾಣುಗಳ ಉಂಗುರ ಆಗುತ್ತದೆ, ಅದಕ್ಕೆ ಎಳೆತವೂ ಇಲ್ಲ. ಸಿಲಿಕಾನ್ ಒಳಗಿನ ಆಕ್ಸಿಜನ್ ಹಿಡಿಯಿತು, ತುದಿಯ ಆಕ್ಸಿಜನ್ ಬಿಟ್ಟಿತು. ಮತ್ತೆ ವಾಪಸ್ಸೂ ಬರುತ್ತದೆ. ಹೀಗೆ ಆಚೆ ಈಚೆ ಓಡಾಡುತ್ತಾ ಇರುತ್ತದೆ. ಈ ಹೊತ್ತಿಗೆ ಬೆಂಜೈಲ್ ಬ್ರೊಮೈಡ್ ಬಂತು. ತುದಿಯ ಆಕ್ಸಿಜನ್ ಸುತ್ತ ಜಾಗ ಜಾಸ್ತಿ, ಅದು ಬೇಗ ಬೆಂಜೈಲ್ ಹಿಡಿಯುತ್ತದೆ. ಹಿಡಿದ ಮೇಲೆ ಅದು ಮತ್ತೆ ಬಿಡುವುದಿಲ್ಲ. ಹಾಗಾಗಿ ಎಲ್ಲವೂ ನಿಧಾನವಾಗಿ ಆ ಕಡೆಗೇ ಹರಿದುಹೋಯಿತು. ಕೊನೆಗೆ ಸಿಕ್ಕಿದ್ದು ತುದಿಯಲ್ಲಿ ಬೆಂಜೈಲ್, ಒಳಗೆ ಟಿಬಿಎಸ್ ಇರುವ ಅಣು. ತೂಕದಲ್ಲಿ ಒಂದು ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಟಿಬಿಎಸ್ ಬಿಚ್ಚಿದಾಗ ಖಾಲಿಯಾದದ್ದು ಒಳಗಿನ ಓಎಚ್. ಅದನ್ನು ಆಕ್ಸಿಡೈಸ್ ಮಾಡಿದರೆ ಕೀಟೋನ್ ಬರುತ್ತದೆಯೇ ಹೊರತು ಆಲ್ಡಿಹೈಡ್ ಎಲ್ಲಿಂದ ಬರಬೇಕು? 4.1ರಲ್ಲಿ ನಿಂತಿದ್ದ ಒಂಟಿ ಗೆರೆ ಕೀಟೋನ್ ಮತ್ತು ಬೆಂಜೈಲ್ ಆಕ್ಸಿಜನ್ ನಡುವೆ ಸಿಕ್ಕಿದ ಸಿಎಚ್2ದು.

ಇದನ್ನು ಎನ್‌ಎಂಆರ್‌ಗೆ ಕಾಯದೆ ಪತ್ತೆ ಮಾಡಬಹುದು. ಮರುದಿನ ಅದನ್ನೇ ಮಾಡಿದೆವು. ಬೆಂಜೈಲ್ ಬ್ರೊಮೈಡ್ ಹಾಕದೆ, ಬರೀ ಪದಾರ್ಥ ಮತ್ತು ಸೋಡಿಯಂ ಹೈಡ್ರೈಡ್ ಮಾತ್ರ ಡಿಎಂಎಫ್‌ನಲ್ಲಿ ಇಟ್ಟೆವು. 2, 5, 10, 20 ನಿಮಿಷಕ್ಕೆ ಒಂದೊಂದು ಹನಿ ತೆಗೆದು ತಣ್ಣಗಿನ ಅಮೋನಿಯಂ ಕ್ಲೋರೈಡ್ ದ್ರಾವಣಕ್ಕೆ ಬಿಟ್ಟು ಈಥೈಲ್ ಅಸಿಟೇಟ್‌ಗೆ ಎಳೆದು ಪ್ಲೇಟ್ ಮೇಲೆ ಸಾಲಾಗಿ ಇಟ್ಟೆವು. ಸ್ಪಾಟ್‌ಗೆ ಬಣ್ಣ ತರಿಸುವ ಅನಿಸಾಲ್ಡಿಹೈಡ್‌ನಲ್ಲಿ ಅದ್ದಿ ಬಿಸಿ ಮಾಡಿದಾಗ ಮೊದಲ ಲೇನ್‌ನಲ್ಲೇ ಹಳೆಯ ಸ್ಪಾಟ್‌ನ ಕೆಳಗೆ ತೆಳ್ಳಗೆ ಒಂದು ನೆರಳು. ಕೊನೆಯ ಲೇನ್‌ನಲ್ಲಿ ಎರಡು ಗಟ್ಟಿ ಸ್ಪಾಟ್. ಹುಡುಗಿ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡುತ್ತಿದ್ದಳು. ಅಣು ತನ್ನ ಜಾಗ ಬಿಟ್ಟು ಹೋಗುವುದು ಹೀಗೆ ಸಾಲಾಗಿ ಕಂಡರೆ ಯಾವ ಪಾಠವೂ ಬೇಕಾಗುವುದಿಲ್ಲ.

ಇನ್ನೊಂದು ಪರೀಕ್ಷೆಯೂ ಇದೆ. ಅನುಮಾನ ಇರುವ ಪದಾರ್ಥದ ಸ್ವಲ್ಪ ಭಾಗದ ಟಿಬಿಎಸ್ ಬಿಚ್ಚಿ, ಖಾಲಿಯಾದ ಓಎಚ್ ಮೇಲೆ ಪಿರಿಡಿನ್ ಮತ್ತು ಅಸಿಟಿಕ್ ಅನ್‌ಹೈಡ್ರೈಡ್‌ನಿಂದ ಅಸಿಟೇಟ್ ಕೂರಿಸಿ. ಅಸಿಟೇಟ್ ಕೂತ ಕಾರ್ಬನ್‌ನ ಹೈಡ್ರೋಜನ್ ಗೆರೆ ಎಡಕ್ಕೆ ಜರುಗುತ್ತದೆ. 3.6ರ ಹತ್ತಿರ ಇದ್ದ ಸಿಎಚ್2 ಗೆರೆ 4.1ರ ಕಡೆ ಹೋದರೆ ಓಎಚ್ ತುದಿಯಲ್ಲಿತ್ತು, ಅಂದರೆ ಎಲ್ಲವೂ ಸರಿ. 3.9ರ ಹತ್ತಿರದ, ಒಂದೇ ಹೈಡ್ರೋಜನ್‌ನ ಸಿಎಚ್ ಗೆರೆ 5.1ರ ಕಡೆ ಹಾರಿದರೆ ಓಎಚ್ ಒಳಗಿತ್ತು, ಅಂದರೆ ಸಿಲಿಕಾನ್ ಓಡಿಹೋಗಿತ್ತು.

ಪರಿಹಾರಕ್ಕೆ ಬರೋಣ. ಬೇಸ್ ಮತ್ತು ಪದಾರ್ಥವನ್ನು ಮೊದಲೇ ಸೇರಿಸಿ ಕಾಯಬೇಡಿ. ಪದಾರ್ಥ ಮತ್ತು ಬೆಂಜೈಲ್ ಬ್ರೊಮೈಡ್ ಎರಡನ್ನೂ ಮೊದಲು ಹಾಕಿ, ಬೇಸ್ ಕೊನೆಗೆ ಬರಲಿ. ಆಗ ಋಣ ಚಾರ್ಜ್‌ನ ಆಕ್ಸಿಜನ್ ಹುಟ್ಟಿದ ತಕ್ಷಣ ಬೆಂಜೈಲ್ ಸಿಗುತ್ತದೆ, ಸಿಲಿಕಾನ್ ಹುಡುಕಲು ಸಮಯ ಇರುವುದಿಲ್ಲ. ಡಿಎಂಎಫ್ ಬದಲು ಟಿಎಚ್‌ಎಫ್ ಬಳಸಿ. ಪೊಟ್ಯಾಸಿಯಂಗಿಂತ ಸೋಡಿಯಂ, ಸೋಡಿಯಂಗಿಂತ ಲಿಥಿಯಂ ಆಕ್ಸಿಜನ್ ಅನ್ನು ಬಿಗಿಯಾಗಿ ಹಿಡಿದಿಡುತ್ತದೆ, ಓಡಾಟ ಕಡಿಮೆ ಆಗುತ್ತದೆ. ಇದರಿಂದ ದೋಷ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಪ್ರಬಲ ಬೇಸೇ ಬೇಡ ಅನ್ನುವ ದಾರಿಯೂ ಇದೆ, ಸಿಲ್ವರ್ ಆಕ್ಸೈಡ್ ಜೊತೆ ಬೆಂಜೈಲ್ ಬ್ರೊಮೈಡ್. ಬೆಳ್ಳಿಯ ಖರ್ಚು ತಡೆದುಕೊಳ್ಳಬೇಕು ಅಷ್ಟೇ. ನಾವು ಟಿಬಿಎಸ್ ಬಿಟ್ಟು ಟಿಐಪಿಎಸ್‌ಗೆ ಹೋದೆವು. ಅದರ ಮೂರು ಐಸೊಪ್ರೊಪೈಲ್‌ಗಳು ಸಿಲಿಕಾನ್ ಸುತ್ತ ಬೇಲಿ ಹಾಕಿದ ಹಾಗೆ, ಐದನೆಯವರು ಹತ್ತಿರ ಬರುವುದೇ ಕಷ್ಟ. ಜೊತೆಗೆ ಬೇಸ್ ಕೊನೆಗೆ ಹಾಕಿದೆವು. ಈ ಸಲದ ಹಾಳೆಯಲ್ಲಿ 9.6ರ ಹತ್ತಿರ ಆ ಗೆರೆ ಇತ್ತು.

ಸೋಡಿಯಂ ಹೈಡ್ರೈಡ್ ಮತ್ತು ಡಿಎಂಎಫ್ ಜೋಡಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಇವೆರಡೂ ತಾವಾಗಿಯೇ ಪರಸ್ಪರ ಪ್ರತಿಕ್ರಿಯಿಸಿ ಬಿಸಿಯಾಗುತ್ತವೆ. ಸಣ್ಣ ಫ್ಲಾಸ್ಕ್‌ನಲ್ಲಿ ಗೊತ್ತಾಗುವುದಿಲ್ಲ. ದೊಡ್ಡ ಪ್ರಮಾಣದಲ್ಲಿ ಬಿಸಿ ಹೊರಗೆ ಹೋಗಲು ಜಾಗ ಸಿಗದೆ ಕೈಮೀರಿ ಹೋಗಬಹುದು. ಏಪ್ರಿಲ್‌ನ ತುಮಕೂರಿನಲ್ಲಿ "ರೂಮ್ ಟೆಂಪರೇಚರ್" ಅಂದರೆ 25 ಅಲ್ಲ, ಎಸಿ ಇಲ್ಲದ ಕೋಣೆಯಲ್ಲಿ ಅದು 35 ದಾಟುತ್ತದೆ. ಚಳಿ ದೇಶದ ಲ್ಯಾಬಿನಲ್ಲಿ ಬರೆದ ವಿಧಾನವನ್ನು ಇಲ್ಲಿ ಕಣ್ಣುಮುಚ್ಚಿ ಮಾಡಬಾರದು. ಇದು ಸುರಕ್ಷತೆಗೂ ಸತ್ಯ, ಸಿಲಿಕಾನ್ ಓಡಾಟಕ್ಕೂ ಸತ್ಯ. 10 ಡಿಗ್ರಿ ಏರಿದರೆ ವೇಗ ಹೆಚ್ಚುಕಡಿಮೆ ಎರಡರಷ್ಟು ಆಗುತ್ತದೆ ಅಂತ ಇಟ್ಟುಕೊಂಡು ಸಮಯ ಕಡಿಮೆ ಮಾಡಿಕೊಳ್ಳಿ.

ಕಾರ್ಬನ್‌ನಿಂದ ಆಕ್ಸಿಜನ್‌ಗೆ ಜಿಗಿದಾಗ

ಮಾಸ್ ಸರಿ ಇದ್ದು ಅಣು ತಪ್ಪಾಗುವ ಇನ್ನೊಂದು ಬಗೆ ಇದೆ. ಸಿಲಿಕಾನ್ ನೇರವಾಗಿ ಕಾರ್ಬನ್ ಮೇಲಿದ್ದು, ಅದೇ ಕಾರ್ಬನ್ ಮೇಲೆ ಓಎಚ್ ಕೂಡ ಇದ್ದು, ಆ ಕಾರ್ಬನ್ ಋಣ ಚಾರ್ಜನ್ನು ಹೊರಬಲ್ಲದಾದರೆ, ಚೂರು ಬೇಸ್ ತಗುಲಿದರೆ ಸಾಕು, ಸಿಲಿಕಾನ್ ಕಾರ್ಬನ್ ಬಿಟ್ಟು ಆಕ್ಸಿಜನ್ ಮೇಲೆ ಕೂರುತ್ತದೆ. ಕೆನಡಾದ ಟೊರಾಂಟೊದಲ್ಲಿದ್ದ ಏಡ್ರಿಯನ್ ಬ್ರೂಕ್ 1958ರಲ್ಲಿ ಇದನ್ನು ಪ್ರಕಟಿಸಿದರು, ಹಾಗಾಗಿ ಬ್ರೂಕ್ ಮರುಜೋಡಣೆ ಅನ್ನುತ್ತಾರೆ. ಸಿಲಿಕಾನ್ ಜಿಗಿದ ಮೇಲೆ ಋಣ ಚಾರ್ಜ್ ಕಾರ್ಬನ್ ಮೇಲೆ ಬರುತ್ತದೆ. ಆ ಕಾರ್ಬನ್ ಪಕ್ಕದ ಇನ್ನೊಂದು ಅಣುವಿನ ಓಎಚ್‌ನಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಈಗ ಆ ಅಣುವಿನ ಸರದಿ. ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಹೋಗುವುದರಿಂದ ಬೇಸ್ ಎಷ್ಟು ಕಡಿಮೆ ಇದ್ದರೂ ಕೆಲಸ ನಡೆದುಹೋಗುತ್ತದೆ.

ಇಲ್ಲೇ ನಾವು ಒಂದು ಸಲ ತಿಂಗಳುಗಟ್ಟಲೆ ಎಡವಿದೆವು. ಬೇಸನ್ನೇ ಹಾಕದ ಬ್ಯಾಚ್‌ನಲ್ಲಿ ಬ್ರೂಕ್ ಪದಾರ್ಥ ಬರುತ್ತಿತ್ತು. ಒಂದು ವಾರ ಬರುತ್ತಿತ್ತು, ಇನ್ನೊಂದು ವಾರ ಇಲ್ಲ. ಕೊನೆಗೆ ಸಿಕ್ಕಿದ್ದು ಗಾಜು ತೊಳೆಯುವ ಜಾಗದಲ್ಲಿ. ಐಸೊಪ್ರೊಪನಾಲ್‌ನಲ್ಲಿ ಕಾಸ್ಟಿಕ್ ಪೊಟಾಷ್ ಕರಗಿಸಿದ ಬಾತ್‌ನಲ್ಲಿ ಫ್ಲಾಸ್ಕ್ ನೆನೆಹಾಕುತ್ತೇವಲ್ಲ, ಆಮೇಲೆ ನಲ್ಲಿ ನೀರಲ್ಲಿ ಎರಡು ಸಲ ತೊಳೆದು ಓವನ್‌ಗೆ ಇಡುತ್ತಿದ್ದರು. ಗಾಜಿನ ಗೋಡೆಗೆ ಅಂಟಿದ ಅಷ್ಟು ಪೊಟಾಷೇ ಸಾಕಾಗಿತ್ತು. ಈಗ ನಮ್ಮಲ್ಲಿ ಆ ಬಾತ್‌ನಿಂದ ತೆಗೆದ ಗಾಜು ಮೊದಲು ನೀರು, ಆಮೇಲೆ ತೆಳು ಹೈಡ್ರೋಕ್ಲೋರಿಕ್ ಆಸಿಡ್, ಆಮೇಲೆ ಡಿಸ್ಟಿಲ್ಡ್ ವಾಟರ್ ದಾಟಿಯೇ ಓವನ್‌ಗೆ ಹೋಗುತ್ತದೆ. ಕೊನೆಯ ತೊಳೆದ ನೀರಿಗೆ ಪಿಎಚ್ ಪೇಪರ್ ಹಚ್ಚಿ ನೋಡುತ್ತೇವೆ.

ಉಲ್ಟಾ ದಿಕ್ಕಿಗೂ ಹೋಗಬಹುದು. ಬ್ಯುಟೈಲ್ ಲಿಥಿಯಂನಂಥದ್ದನ್ನು ಪೂರ್ತಿ ಪ್ರಮಾಣದಲ್ಲಿ ಹಾಕಿ, ಹೈಡ್ರೋಜನ್ ಕೊಡುವವರು ಯಾರೂ ಇಲ್ಲದಂತೆ ಮಾಡಿದರೆ, ಆಕ್ಸಿಜನ್ ಮೇಲಿನ ಸಿಲಿಕಾನ್ ಕಾರ್ಬನ್‌ಗೆ ವಾಪಸ್ ಬರುತ್ತದೆ. ಲಿಥಿಯಂ ಮತ್ತು ಆಕ್ಸಿಜನ್‌ನ ಗಟ್ಟಿ ಜೋಡಿ ಅಲ್ಲಿ ತಕ್ಕಡಿ ವಾಲಿಸುತ್ತದೆ. ಎಚ್‌ಎಂಪಿಎ ಥರದ ಸಾಲ್ವೆಂಟ್ ಹಾಕಿ ಲಿಥಿಯಂ ಅನ್ನು ಬೇರೆ ಮಾಡಿದರೆ ಮತ್ತೆ ಆಕ್ಸಿಜನ್ ಕಡೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಮೋಸ್ ಸ್ಮಿತ್ ಅವರ ಗುಂಪು ಇದನ್ನೇ ಸ್ವಿಚ್ಚಿನ ಹಾಗೆ ಬಳಸಿ ದೊಡ್ಡ ಅಣುಗಳನ್ನು ಕಟ್ಟಿದೆ. ಒಬ್ಬರ ದೋಷ ಇನ್ನೊಬ್ಬರ ಉಪಕರಣ. ಎಚ್‌ಎಂಪಿಎ ಕ್ಯಾನ್ಸರ್ ತರುವ ಗುಮಾನಿ ಇರುವ ಪದಾರ್ಥ, ಡಿಎಂಪಿಯುನಿಂದ ಕೆಲಸ ಆಗುವುದಾದರೆ ಅದನ್ನೇ ಬಳಸಿ.

114 ಅಥವಾ 72 ಕಡಿಮೆ ಬಂದರೆ

ಇಲ್ಲಿ ಸಿಲಿಕಾನ್ ಅಣುವಿನಿಂದಲೇ ಹೊರಗೆ ಹೋಗಿದೆ. ತೆಗೆದುಕೊಂಡವರು ಬಹುಮಟ್ಟಿಗೆ ಹೈಡ್ರಾಕ್ಸೈಡ್ ಅಥವಾ ಮೆಥಾಕ್ಸೈಡ್. ಮೆಥನಾಲ್ ಇದ್ದರೆ ಬೇರೆ ಹುಡುಕುವುದೇ ಬೇಡ. ಟಿಎಂಎಸ್ ಈಥರ್ ಆಗಲಿ, ಆಲ್ಕೈನ್ (ಮೂರು ಬಂಧಗಳಿಂದ ಸೇರಿದ ಕಾರ್ಬನ್ ಜೋಡಿ) ತುದಿಯ ಟಿಎಂಎಸ್ ಆಗಲಿ, ಮೆಥನಾಲ್‌ನಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಹಾಕಿದರೇ ಹೋಗಿಬಿಡುತ್ತದೆ. ಬೇಕಂತಲೇ ತೆಗೆಯುವುದೂ ಹಾಗೆಯೇ ಅಲ್ವಾ.

ಮೆಥನಾಲ್ ಇಲ್ಲ, ನೀರೂ ಇಲ್ಲ ಅಂತ ನೀವು ಹೇಳಿದರೆ ಸೋಡಿಯಂ ಹೈಡ್ರೈಡ್ ಡಬ್ಬಿ ತೆಗೆದು ನೋಡಿ. ಅದು ಸಾಮಾನ್ಯವಾಗಿ ಎಣ್ಣೆಯಲ್ಲಿ ಕಲಸಿದ 60 ಶೇಕಡಾ ಪುಡಿ. ಮಳೆಗಾಲದಲ್ಲಿ ಪದೇಪದೇ ಮುಚ್ಚಳ ತೆಗೆದ ಡಬ್ಬಿಯಲ್ಲಿ ಬಿಳಿ ಹರಳು ಕಟ್ಟಿರುತ್ತದೆ. ಅದು ಕಾಸ್ಟಿಕ್ ಸೋಡಾ. ನೀವು ಹಾಕಿದ್ದು ಹೈಡ್ರೈಡ್ ಅಂದುಕೊಂಡಿರುತ್ತೀರಿ, ಹೋಗಿರುವುದು ಹೈಡ್ರಾಕ್ಸೈಡ್.

ಗುಂಪುಗಳ ಗಟ್ಟಿತನದ ಲೆಕ್ಕ ಬಾಯಲ್ಲಿರಲಿ. ಬೇಸ್‌ನಲ್ಲಿ ಟಿಎಂಎಸ್ ಬಾಳಿಕೆ 1 ಅಂತ ಇಟ್ಟುಕೊಂಡರೆ ಟಿಇಎಸ್ 10ರಿಂದ 100, ಟಿಬಿಎಸ್ ಮತ್ತು ಟಿಬಿಡಿಪಿಎಸ್ ಸುಮಾರು 20,000, ಟಿಐಪಿಎಸ್ ಸುಮಾರು 1,00,000. ಆಸಿಡ್‌ನಲ್ಲಿ ಈ ಸಾಲು ಬೇರೆ, ಅಲ್ಲಿ ಟಿಬಿಡಿಪಿಎಸ್ ಎಲ್ಲರಿಗಿಂತ ಗಟ್ಟಿ. ಆಸಿಡ್‌ನ ಅನುಭವವನ್ನು ಬೇಸ್‌ಗೆ ತಂದು ಟಿಬಿಡಿಪಿಎಸ್ ಮೇಲೆ ಪೂರ್ತಿ ಭರವಸೆ ಇಟ್ಟು ಕೆಡಿಸಿಕೊಂಡವರು ತುಂಬಾ ಜನ. 1972ರಲ್ಲಿ ಕೋರಿ ಮತ್ತು ವೆಂಕಟೇಶ್ವರಲು ಟಿಬಿಎಸ್ ಬಗ್ಗೆ ಬರೆದ ಮೇಲೆ ಅದು ಎಲ್ಲ ಲ್ಯಾಬಿನ ಮನೆಮಾತಾಯಿತು. ಆದರೆ ಗಟ್ಟಿ ಅಂದರೆ ಕಲ್ಲು ಅಂತಲ್ಲ.

ಕಾರ್ಬನ್ ಮೇಲಿನ ಸಿಲಿಕಾನ್‌ಗೆ ಬೇರೆ ಲೆಕ್ಕ. ಬಿಟ್ಟುಹೋಗುವ ಕಾರ್ಬನ್ ಋಣ ಚಾರ್ಜನ್ನು ಎಷ್ಟು ಸಲೀಸಾಗಿ ಹೊರುತ್ತದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಪಿಕೆಎ ಅನ್ನುವ ಸಂಖ್ಯೆ ಕಡಿಮೆ ಇದ್ದಷ್ಟೂ ಹೊರುವುದು ಸಲೀಸು. ತುದಿಯ ಆಲ್ಕೈನ್‌ನ ಪಿಕೆಎ ಸುಮಾರು 25, ಅದು ಬೇಗ ಬಿಡುತ್ತದೆ. ಬೆಂಜೈಲ್ ಮತ್ತು ಫಿನೈಲ್ 40ರ ಆಚೆ, ಅವು ಹಟ ಮಾಡುತ್ತವೆ. ಮಾಮೂಲಿ ಆಲ್ಕೈಲ್ 50ರ ಹತ್ತಿರ, ಅದು ಬಿಡುವುದೇ ಇಲ್ಲ ಅನ್ನಬಹುದು. ಆಲ್ಕೈನ್ ಮೇಲೆ ಸಿಲಿಕಾನ್ ಉಳಿಯಲೇಬೇಕು, ಬೇಸೂ ಬೇಕೇ ಬೇಕು ಅಂದರೆ ಟಿಎಂಎಸ್ ಬಿಟ್ಟು ಟಿಐಪಿಎಸ್ ಹಾಕಿ.

ಹೋದ ಸಿಲಿಕಾನ್‌ನ ಗುರುತು ಸಿಗುವುದೂ ಗುಂಪಿನ ಮೇಲೆ ನಿಂತಿದೆ. ಟಿಎಂಎಸ್ ಹೋದರೆ ಟ್ರೈಮೀಥೈಲ್ ಸಿಲನಾಲ್ ಅಥವಾ ಅದರ ಜೋಡಿ ಡೈಸಿಲಾಕ್ಸೇನ್ ಆಗುತ್ತದೆ. ಎರಡೂ 100 ಡಿಗ್ರಿ ಆಸುಪಾಸಿನಲ್ಲಿ ಕುದಿಯುತ್ತವೆ, ರೋಟಾವ್ಯಾಪ್‌ನಲ್ಲಿ ಸಾಲ್ವೆಂಟ್ ಜೊತೆಗೇ ಹೊರಟುಹೋಗುತ್ತವೆ. ಟಿಬಿಎಸ್ ಹೋದರೆ ಅದರ ಸಿಲನಾಲ್ ಭಾರ, ಉಳಿದುಕೊಳ್ಳುತ್ತದೆ. ಆದರೆ ಯುವಿ ದೀಪಕ್ಕೆ ಕಾಣುವುದಿಲ್ಲ. ಎನ್‌ಎಂಆರ್‌ನಲ್ಲಿ 0.9 ಮತ್ತು 0.1ರ ಹತ್ತಿರ 9 ಮತ್ತು 6ರ ಅನುಪಾತದಲ್ಲಿ ಗೆರೆ ಇದೆ ಅಂದಮಾತ್ರಕ್ಕೆ ಟಿಬಿಎಸ್ ಅಣುವಿನ ಮೇಲಿದೆ ಅಂತ ಖುಷಿಪಡಬೇಡಿ, ಸಿಲನಾಲ್ ಕೂಡ ಅಲ್ಲೇ ಬರುತ್ತದೆ. ಅಣುವಿನ ಬೇರೆ ಗೆರೆಗಳ ಜೊತೆ ಎಣಿಸಿ ತಾಳೆ ನೋಡಿ.

ನಮ್ಮ ನೀರಿನ ಫ್ಲೋರೈಡ್ ಕಾರಣವಾ?

ಈ ಪ್ರಶ್ನೆ ನಮ್ಮ ಕಡೆ ಮಾತ್ರ ಹುಟ್ಟುವುದು ಅನಿಸುತ್ತದೆ. ಸಿಲಿಕಾನ್‌ಗೆ ಫ್ಲೋರೈಡ್ ಮೇಲೆ ಎಲ್ಲಕ್ಕಿಂತ ಜಾಸ್ತಿ ಒಲವು. ಪಾವಗಡ, ಬಾಗೇಪಲ್ಲಿ, ಕೋಲಾರದ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅನ್ನುವುದು ಎಲ್ಲರಿಗೂ ಗೊತ್ತು. ಕುಡಿಯುವ ನೀರಿಗೆ ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5ರ ತನಕ ಅಂತ ನಿಯಮ. ಅದನ್ನು ದಾಟಿದ ಊರುಗಳು ಎಷ್ಟೋ. ಪಾವಗಡದ ಹುಡುಗ ಒಬ್ಬ ನಮ್ಮಲ್ಲಿದ್ದ. ಅವನಿಗೆ ತನ್ನ ಊರಿನ ನೀರಿನ ಸಂಕಟ ಗೊತ್ತು. ಟಿಬಿಎಸ್ ಹೋದಾಗ ಅವನೇ ಕೇಳಿದ, "ಸರ್, ಕೊನೆಗೆ ತೊಳೆಯೋ ವರ್ಕ್‌ಅಪ್‌ಗೆ ಬೋರ್ ನೀರು ಬಳಸಿದ್ವಲ್ಲ, ಅದರ ಫ್ಲೋರೈಡೇ ಕಿತ್ತಿರಬಹುದಾ?"

ತುಂಬಾ ಒಳ್ಳೆಯ ಪ್ರಶ್ನೆ. ಕೂತು ಲೆಕ್ಕ ಹಾಕಿದೆವು. ಲೀಟರ್‌ಗೆ 3 ಮಿಲಿಗ್ರಾಂ ಇದೆ ಅಂತಲೇ ಇಟ್ಟುಕೊಳ್ಳಿ. 100 ಮಿಲಿ ನೀರಲ್ಲಿ 0.3 ಮಿಲಿಗ್ರಾಂ. ಫ್ಲೋರಿನ್ ತೂಕ 19, ಅಂದರೆ 0.016 ಮಿಲಿಮೋಲ್. ನಮ್ಮ ಪದಾರ್ಥ 5 ಮಿಲಿಮೋಲ್. ಇದ್ದಬದ್ದ ಫ್ಲೋರೈಡ್ ಎಲ್ಲ ಸೇರಿ ಕಿತ್ತರೂ 0.3 ಶೇಕಡಾ. ಅದೂ ಅಲ್ಲದೆ ನೀರಿನಲ್ಲಿರುವ ಫ್ಲೋರೈಡನ್ನು ನೀರಿನ ಅಣುಗಳು ಸುತ್ತಲೂ ಹಿಡಿದಿರುತ್ತವೆ, ಅದಕ್ಕೆ ಸಿಲಿಕಾನ್ ಕಡೆ ಹೋಗುವ ಬಿಡುವೇ ಇಲ್ಲ. ಸಿಲೈಲ್ ಗುಂಪು ಬಿಚ್ಚಲು ಬಳಸುವ ಟಿಬಿಎಎಫ್ ಅನ್ನುವ ಫ್ಲೋರೈಡ್ ಲವಣ ಕೆಲಸ ಮಾಡುವುದು ಟಿಎಚ್‌ಎಫ್‌ನಲ್ಲಿ ಫ್ಲೋರೈಡ್ ಹೆಚ್ಚುಕಡಿಮೆ ಬಿಡುಬೀಸಾಗಿ ಇರುವುದರಿಂದ. ಹಾಗಾಗಿ ನೀರು ನಿರಪರಾಧಿ. ಕುಡಿಯುವವರ ಹಲ್ಲಿಗೆ, ಮೂಳೆಗೆ ಅದು ಮಾಡುವ ಕೇಡು ಬೇರೆ ಮಾತು, ಅದು ದೊಡ್ಡದು.

90 ಕಡಿಮೆ: ಜೋಡಿ ಬಂಧ ಹುಟ್ಟಿದೆ

ಓಎಚ್ ಇರುವ ಕಾರ್ಬನ್‌ನ ಪಕ್ಕದ ಕಾರ್ಬನ್ ಮೇಲೆ ಟಿಎಂಎಸ್ ಇದ್ದರೆ, ಎರಡೂ ಒಟ್ಟಿಗೆ ಟ್ರೈಮೀಥೈಲ್ ಸಿಲನಾಲ್ ಆಗಿ ಹೊರಟು ಆಲ್ಕೀನ್ ಉಳಿಯುತ್ತದೆ. ಡೊನಾಲ್ಡ್ ಪೀಟರ್ಸನ್ 1968ರಲ್ಲಿ ಬರೆದದ್ದು ಇದನ್ನೇ. ಬೇಕಾದಾಗ ಇದು ವರ. ಬೇಡದಿದ್ದಾಗ ಪೊಟ್ಯಾಸಿಯಂ ದೂರ ಇಡಿ. ಪೊಟ್ಯಾಸಿಯಂ ಮತ್ತು ಸೋಡಿಯಂ ಇದ್ದರೆ ಬೇಗ ನಡೆಯುತ್ತದೆ, ಲಿಥಿಯಂ ಇದ್ದರೆ ನಿಧಾನ, ಮೆಗ್ನೀಸಿಯಂ ಇದ್ದರೆ ಸಾಮಾನ್ಯವಾಗಿ ಹಾಗೇ ನಿಲ್ಲುತ್ತದೆ. ನಮಗೆ ಡ್ರೈ ಐಸ್ 70 ಕಿಲೋಮೀಟರ್ ದೂರದ ಬೆಂಗಳೂರಿನಿಂದ ಬರಬೇಕು. ಸಂಜೆ ಹೊತ್ತಿಗೆ ಅದು ಮುಗಿದು ಫ್ಲಾಸ್ಕ್ ಬಿಸಿಯೇರಿದರೆ ಲಿಥಿಯಂ ಇದ್ದರೂ ಜಾರುತ್ತದೆ. ಕ್ವೆಂಚ್ ಮಾಡುವುದನ್ನು, ಅಂದರೆ ಪ್ರತಿಕ್ರಿಯೆ ನಿಲ್ಲಿಸುವುದನ್ನು, ಐಸ್ ಇರುವಾಗಲೇ ಮುಗಿಸಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಬೇಸ್‌ನಲ್ಲಿ ಸಿಲಿಕಾನ್ ಮತ್ತು ಆಕ್ಸಿಜನ್ ಒಂದೇ ಪಕ್ಕದಿಂದ ಹೋಗುತ್ತವೆ, ಆಸಿಡ್‌ನಲ್ಲಿ ಎದುರುಬದುರು ಪಕ್ಕದಿಂದ. ಹಾಗಾಗಿ ಒಂದೇ ಡಯಾಸ್ಟೀರಿಯೋಮರ್‌ನಿಂದ (ಗುಂಪುಗಳ ದಿಕ್ಕು ಒಂದೇ ರೀತಿ ಇರುವ ಅಣುವಿನಿಂದ) ಶುರು ಮಾಡಿಯೂ ಇ ಮತ್ತು ಝಡ್ ಅನ್ನುವ ಎರಡೂ ಬಗೆಯ ಆಲ್ಕೀನ್ ಬಂದಿದ್ದರೆ, ಬೇಸ್ ಅರ್ಧ ಕೆಲಸ ಮಾಡಿತ್ತು, ಉಳಿದದ್ದನ್ನು ವರ್ಕ್‌ಅಪ್‌ನ ಆಸಿಡ್ ಮುಗಿಸಿತು ಅಂತ ಅರ್ಥ. ಹಳೆಯ ಕ್ಲೋರೋಫಾರ್ಮ್-ಡಿ ಬಾಟಲಿಯೊಳಗಿನ ಆಸಿಡ್ ಎನ್‌ಎಂಆರ್ ಟ್ಯೂಬ್‌ನಲ್ಲೇ ಇದನ್ನು ಮಾಡಬಲ್ಲದು. ಬಳಸುವ ಮೊದಲು ಒಣ ಪೊಟ್ಯಾಸಿಯಂ ಕಾರ್ಬೊನೇಟ್ ಮೇಲಿಂದ ಸೋಸಿಕೊಳ್ಳಿ.

74ರ ಲೆಕ್ಕ: ಗ್ರೀಸ್

ಕ್ಲೋರೋಫಾರ್ಮ್-ಡಿಯಲ್ಲಿ 0.07ಕ್ಕೆ ಒಂದು ಚೂಪು ಗೆರೆ, ಮಾಸ್‌ನಲ್ಲಿ 207, 281, 355. ಇದು ನಿಮ್ಮ ಅಣು ಅಲ್ಲ, ಸಿಲಿಕೋನ್. ಜಾಯಿಂಟ್‌ಗೆ ಹಚ್ಚಿದ ಗ್ರೀಸ್ ಇರಬಹುದು, ಸೆಪ್ಟಮ್ ಇರಬಹುದು, ಜಿಸಿ ಕಾಲಮ್ ಸವೆದದ್ದೂ ಇರಬಹುದು. ಕಾಸ್ಟಿಕ್ ಪೊಟಾಷ್ ಮತ್ತು ಬ್ಯುಟೈಲ್ ಲಿಥಿಯಂ ಎರಡೂ ಗ್ರೀಸಿನ ಸರಪಳಿ ಕತ್ತರಿಸುತ್ತವೆ. ಬ್ಯುಟೈಲ್ ಲಿಥಿಯಂ ಸರಪಳಿಯ ಸಿಲಿಕಾನ್ ಮೇಲೆ ಕೂತು ಅಲ್ಲೇ ಖರ್ಚಾಗುತ್ತದೆ, ಆಗ ನಿಮಗೆ ಬೇಸ್ ಕಡಿಮೆ ಬಿದ್ದ ಹಾಗೆ ಕಾಣುತ್ತದೆ. ಪದಾರ್ಥ ಹಾಕದೆ ಅದೇ ಫ್ಲಾಸ್ಕ್, ಅದೇ ಬೇಸ್, ಅದೇ ಸಮಯ ಇಟ್ಟು ಒಂದು ಖಾಲಿ ಬ್ಯಾಚ್ ಮಾಡಿ. ಗೆರೆ ಅಲ್ಲೂ ಬಂದರೆ ಗ್ರೀಸ್ ಬಿಟ್ಟು ಜಾಯಿಂಟ್‌ಗೆ ಟೆಫ್ಲಾನ್ ಸ್ಲೀವ್ ಹಾಕಿ.

ಗುಳ್ಳೆ ಬಂದರೆ ಹುಡುಕುವುದು ನಿಲ್ಲಿಸಿ

ಸಿಲಿಕಾನ್ ಮೇಲೆ ನೇರವಾಗಿ ಹೈಡ್ರೋಜನ್ ಇರುವ ಪದಾರ್ಥಗಳು ಬೇರೆಯೇ ಜಾತಿ. ಪಿಎಂಎಚ್‌ಎಸ್ ಅನ್ನುವ ಸಿಲಿಕೋನ್ ಎಣ್ಣೆ, ಟ್ರೈಈಥಾಕ್ಸಿ ಸಿಲೇನ್ ಇಂಥವು. ಹೈಡ್ರಾಕ್ಸೈಡ್ ಸಿಲಿಕಾನ್ ಹಿಡಿದರೆ ಹೈಡ್ರೋಜನ್ ಅನಿಲ ಹೊರಬರುತ್ತದೆ. 1 ಗ್ರಾಂ ಪಿಎಂಎಚ್‌ಎಸ್‌ನಿಂದ ಸುಮಾರು 400 ಮಿಲಿ. ಅರ್ಧ ಲೀಟರ್ ಬಾಟಲಿಯ ಲೆಕ್ಕ ನೀವೇ ಹಾಕಿ ನೋಡಿ. ಇನ್ನೂ ಕೆಟ್ಟದ್ದು ಅಂದರೆ, ಬೇಸ್ ಈ ಪದಾರ್ಥಗಳ ಹೈಡ್ರೋಜನ್‌ಗಳನ್ನು ಒಂದು ಸಿಲಿಕಾನ್‌ನಿಂದ ಇನ್ನೊಂದಕ್ಕೆ ಹಂಚಿಬಿಡಬಹುದು. ಆಗ ಪಿಎಂಎಚ್‌ಎಸ್‌ನಿಂದ ಮೀಥೈಲ್ ಸಿಲೇನ್, ಟ್ರೈಈಥಾಕ್ಸಿ ಸಿಲೇನ್‌ನಿಂದ ಸಿಲೇನ್ ಅನಿಲ ಹುಟ್ಟುತ್ತದೆ. ಸಿಲೇನ್ ಗಾಳಿ ತಾಗಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಇಲ್ಲಿ ಟಿಎಲ್‌ಸಿ, ಮಾಸ್ ಅಂತ ಕೂರುವ ಸಮಯ ಅಲ್ಲ. ಹುಡ್ ಬಾಗಿಲು ಇಳಿಸಿ, ಸುತ್ತ ಇರುವ ಹಾಟ್‌ಪ್ಲೇಟ್ ಆರಿಸಿ, ಎಲ್ಲರನ್ನೂ ದೂರ ಕಳಿಸಿ. ಮುಂದಿನ ಸಲಕ್ಕೆ, ಪೊಟಾಷ್ ಬಾತ್‌ನಿಂದ ಬಂದ ಗಾಜಿನಲ್ಲಿ ಈ ಸಿಲೇನ್‌ಗಳನ್ನು ಶೇಖರಿಸಬೇಡಿ. ಬೇಸ್ ಇರುವ ತ್ಯಾಜ್ಯದ ಕ್ಯಾನ್‌ಗೆ ಇವನ್ನು ಸುರಿಯಬೇಡಿ, ಬೇರೆ ಕ್ಯಾನ್ ಇಡಿ, ಅದರ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ಬರೆಯಿರಿ. ಕ್ಯಾನ್ ಹೊರಗೆ ಸಾಗಿಸುವ ಹುಡುಗರಿಗೂ ಓದಿ ಹೇಳಿ. ಗಾಳಿ ಹೋಗುವ ಮುಚ್ಚಳ ಹಾಕಿ, ಬಿಗಿ ಮುಚ್ಚಳ ಬೇಡ.